ಹುಳುವು ಔಷಧಕ್ಕೆ ಒಗ್ಗಿತೆಂಬ ಮಾತಿನ ವಿಚಾರ

ಹತ್ತಿ ಬೆಳೆಯುವ ಸೀಮೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಮಾತು ರೂಢಿಯಾಗಿದೆ. ಮೊದಲು ಕಾಯಿಕೊರಕ ಹುಳುವನ್ನು ತಪ್ಪದೆ ಕೊಲ್ಲುತ್ತಿದ್ದ ಬಿ.ಟಿ. ಹತ್ತಿಯಾಗಲಿ ಸಿಂಪಡಿಸುವ ಔಷಧವಾಗಲಿ ಈಗ ಕೊಲ್ಲದಿರುವುದನ್ನು ಕಂಡು, “ಹುಳುವಿಗೆ ಅದು ಒಗ್ಗಿಹೋಯಿತು” ಎಂದು ರೈತರು ಹೇಳುವರು. ಹೊಸ ಊರಿನ ನೀರು ಮೊದಮೊದಲು ಹಿಡಿಸದವನಿಗೆ ಕ್ರಮೇಣ ಹಿಡಿಸುವಂತೆ, ಹುಳುವೂ ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ವಿಷವನ್ನುಂಡು ಗಟ್ಟಿಯಾಯಿತೆಂಬುದು ಈ ಮಾತಿನ ಅಭಿಪ್ರಾಯ. ಕೇಳುವುದಕ್ಕೆ ಇದು ಸಹಜವಾಗಿದೆ, ಆದರೆ ನಿಜವಲ್ಲ. ಮಾತು ತಪ್ಪಾದರೆ ನಷ್ಟವೇನೆಂದು ಕೇಳಬಹುದು. ಕಾರಣವನ್ನು ತಪ್ಪಾಗಿ ತಿಳಿದಲ್ಲಿ ಉಪಾಯವೂ ತಪ್ಪುವುದು. ಒಗ್ಗಿತೆಂದು ನಂಬಿದವನು ಅದೇ ಔಷಧದ ಪ್ರಮಾಣವನ್ನು ಇಮ್ಮಡಿ ಮಾಡುವನು, ಸಾಲ ತಂದಾದರೂ ಮತ್ತೆರಡು ಸಲ ಸಿಂಪಡಿಸುವನು. ಹುಳು ಮಾತ್ರ ಮರುವರ್ಷ ಇನ್ನೂ ಹೆಚ್ಚುವುದು. ಆದಕಾರಣ ಜೀವಿಗಳಲ್ಲಿ ಉಂಟಾಗುವ ಬದಲಾವಣೆಗಳು ಎಷ್ಟು ಬಗೆ, ಅವುಗಳಲ್ಲಿ ಯಾವುದು ಮರಿಗಳಿಗೆ ಇಳಿಯತಕ್ಕದ್ದು, ಯಾವುದು ಇಳಿಯತಕ್ಕದ್ದಲ್ಲ ಎಂಬುದನ್ನು ಊರಿನ ಯಜಮಾನರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ಮೊದಲನೆಯದು ನಿಜವಾದ ಒಗ್ಗುವಿಕೆ. ಇದು ಒಂದೊಂದು ಜೀವಿಯ ಆಯುಸ್ಸಿನೊಳಗೇ ನಡೆಯುವುದು. ನಾಟಿ ಮಾಡಿದ ಭತ್ತದ ಪೈರು ಕೆಲವು ದಿನ ಹಳದಿಯಾಗಿದ್ದು ಮತ್ತೆ ಚೇತರಿಸಿಕೊಳ್ಳುವುದು. ಬಿಸಿಲಿಗೆ ಬಿದ್ದ ಕೂಲಿಯವನ ಮೈ ಕಪ್ಪಾಗುವುದು. ನೊಗ ಹೊತ್ತ ಎತ್ತಿನ ಹೆಗಲಿಗೆ ಜಡ್ಡು ಕಟ್ಟುವುದು. ಹಾಗೆಂದು ಯಾವ ಕರುವಾದರೂ ಹೆಗಲಿನ ಜಡ್ಡಿನೊಡನೆ ಹುಟ್ಟುವುದೇ? ಇಲ್ಲ. ಇಂತಹ ಬದಲಾವಣೆಯು ಮೈಯಲ್ಲಿ ಉಂಟಾಗಿ ಮೈಯೊಡನೆ ಮುಗಿಯುವುದು. ಹತ್ತಿಯ ಗುಲಾಬಿ ಕಾಯಿಕೊರಕದಲ್ಲಿಯೂ ಇಂತಹದೊಂದುಂಟು. ಹಗಲು ಕಿರಿದಾಗಿ ಚಳಿ ಬಂದಾಗ ಬಲಿತ ಹುಳುವು ಹತ್ತಿಕಾಳಿನೊಳಗೆ ತಿಂಗಳುಗಟ್ಟಲೆ ನಿದ್ರಿಸಬಲ್ಲುದು. ಇದು ಆ ಹುಳು ಕಾಲಕ್ಕೆ ತಕ್ಕಂತೆ ನಡೆದುಕೊಂಡದ್ದೇ ಹೊರತು ಅದರ ಜಾತಿಯಲ್ಲಿ ಹೊಸದೇನೂ ಹುಟ್ಟಿದ್ದಲ್ಲ.

ಎರಡನೆಯದು ಉತ್ಪರಿವರ್ತನೆ. ತಂದೆತಾಯಿಗಳ ಗುಣಗಳನ್ನು ಸಂತಾನಕ್ಕೆ ಒಯ್ಯುವ ಬರಹವೊಂದು ಪ್ರತಿಯೊಂದು ಜೀವಕಣದಲ್ಲಿಯೂ ಇರುವುದು. ಅದರ ಒಂದೊಂದು ಭಾಗಕ್ಕೆ ವಂಶವಾಹಿಯೆಂದು ಹೆಸರು. ಹಿಂದಿನ ಶಾನುಭೋಗರು ಹಳೆಯ ಖಾತೆಯನ್ನು ಹೊಸ ಪುಸ್ತಕಕ್ಕೆ ನಕಲು ಮಾಡುವಾಗ ಎಷ್ಟು ಜಾಗರೂಕರಾಗಿದ್ದರೂ ಎಲ್ಲಿಯೋ ಒಂದು ಅಂಕೆ ತಪ್ಪುತ್ತಿತ್ತಷ್ಟೆ. ತಪ್ಪಿದ ಅಂಕೆಯೇ ಮುಂದಿನ ನಕಲುಗಳಲ್ಲೆಲ್ಲಾ ಬರುತ್ತಿತ್ತು. ಜೀವಕಣಗಳು ಬೆಳೆದು ಎರಡಾಗುವಾಗಲೂ ಹಾಗೆಯೇ ಬಲು ಅಪರೂಪವಾಗಿ ತಪ್ಪುಗಳಾಗುವುವು. ಈ ತಪ್ಪಿಗೆ ಉದ್ದೇಶವಿಲ್ಲ. ಅದು ಜೀವಿಗೆ ಬೇಕೆಂದು ಆಗುವುದಲ್ಲ, ಬೇಡವೆಂದು ನಿಲ್ಲುವುದೂ ಅಲ್ಲ. ಹಲವು ತಪ್ಪುಗಳಿಂದ ಏನೂ ಆಗದು. ಕೆಲವು ಜೀವಿಯನ್ನು ಕೆಡಿಸುವುವು. ಎಲ್ಲಿಯೋ ಒಂದು ಉಪಯೋಗಕ್ಕೆ ಬರುವುದು. ಅದೂ ಇದ್ದಲ್ಲಿಗೆ ತಕ್ಕ ಹಾಗೆ. ತೈವಾನಿನ ಡೀ-ಜಿಯೊ-ವೂ-ಜೆನ್ ಎಂಬ ಗಿಡ್ಡ ಭತ್ತದಲ್ಲಿ ಪೈರಿನ ಎತ್ತರವನ್ನು ಹೆಚ್ಚಿಸುವ ವಂಶವಾಹಿಯೊಂದು ಹಿಂದೆಂದೋ ಕೆಟ್ಟುಹೋಗಿತ್ತು. ಕಳೆ ತುಂಬಿದ ಕಾಡುನೆಲದಲ್ಲಿ ಆ ಗಿಡ್ಡತನದಿಂದ ನಷ್ಟವೇ. ಆದರೆ ಗೊಬ್ಬರ ಹೆಚ್ಚಾಗಿ ಹಾಕಿದರೆ ನೆಲಕ್ಕೊರಗುವ ಎತ್ತರದ ಭತ್ತಗಳ ನಡುವೆ ಒರಗದೆ ನಿಲ್ಲುವ ಗುಣವಾಗಿ ಅದೇ ಬೆಲೆಯುಳ್ಳದ್ದಾಯಿತು. 1966ರಲ್ಲಿ ಫಿಲಿಪೀನ್ಸಿನಿಂದ ಹೊರಬಂದ ಐ.ಆರ್. 8 ಭತ್ತಕ್ಕೆ ಗಿಡ್ಡತನ ಬಂದದ್ದು ಈ ತಳಿಯಿಂದ.

ಔಷಧವೇ ಇಂತಹ ತಪ್ಪನ್ನು ಹುಟ್ಟಿಸಿರಬಾರದೇಕೆ ಎಂಬ ಸಂದೇಹ ಬರಬಹುದು. ಇದನ್ನು ಅಮೆರಿಕಾದಲ್ಲಿ ಸಾಲ್ವಡಾರ್ ಲೂರಿಯಾ, ಮ್ಯಾಕ್ಸ್ ಡೆಲ್‌ಬ್ರುಕ್ ಎಂಬಿಬ್ಬರು ಪರೀಕ್ಷಿಸಿ 1943ರಲ್ಲಿ ಪ್ರಕಟಿಸಿದರು. ಒಂದೇ ಮೂಲದ ಬ್ಯಾಕ್ಟೀರಿಯಗಳನ್ನು ಅನೇಕ ನಳಿಗೆಗಳಲ್ಲಿ ಬೇರೆಬೇರೆಯಾಗಿ ಬೆಳೆಸಿ, ಬಳಿಕ ಅವುಗಳನ್ನು ಕೊಲ್ಲುವ ವೈರಸ್ಸಿಗೆ ಒಡ್ಡಿದರು. ವೈರಸ್ಸಿನ ಸೋಂಕೇ ತಾಳಿಕೆಯನ್ನು ಹುಟ್ಟಿಸುವುದಾಗಿದ್ದರೆ ಎಲ್ಲಾ ನಳಿಗೆಗಳಲ್ಲಿಯೂ ಹೆಚ್ಚುಕಡಮೆ ಒಂದೇ ಸಂಖ್ಯೆ ಬದುಕಿ ಉಳಿಯಬೇಕಾಗಿತ್ತು. ಆದರೆ ಕೆಲವು ನಳಿಗೆಗಳಲ್ಲಿ ಒಂದೂ ಉಳಿಯಲಿಲ್ಲ, ಕೆಲವದರಲ್ಲಿ ಹಿಂಡುಗಟ್ಟಲೆ ಉಳಿದವು. ವೈರಸ್ಸು ಬರುವುದಕ್ಕೆ ಮುಂಚೆಯೇ ಆ ನಳಿಗೆಗಳಲ್ಲಿ ಒಂದು ಜೀವಿ ಬದಲಾಗಿ ತನ್ನ ಸಂತಾನವನ್ನು ಹೆಚ್ಚಿಸಿಕೊಂಡಿತ್ತೆಂಬುದು ಇದರಿಂದ ಸ್ಪಷ್ಟವಾಯಿತು. ವೈರಸ್ಸು ಮಾಡಿದ್ದು ಉಳಿದವುಗಳನ್ನು ಕೊಂದು, ಇದ್ದುದನ್ನು ತೋರಿಸಿಕೊಟ್ಟದ್ದು, ಅಷ್ಟೆ.

ಮೂರನೆಯದು ಹೊಂದಾಣಿಕೆ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆಯು ಸಮುದ್ರ ಸೇರುವೆಡೆ ಗಜನಿ ಎಂಬ ಭೂಮಿಗಳಿವೆ. ಉಪ್ಪುನೀರು ನುಗ್ಗುವ ಆ ಗದ್ದೆಗಳಲ್ಲಿ ಕಗ್ಗವೆಂಬ ಭತ್ತವು ಬೆಳೆಯುವುದು. ಮಂಡ್ಯದ ಕಾಲುವೆ ಬಯಲಿನ ಭತ್ತವನ್ನು ತಂದು ಅಲ್ಲಿ ನೆಟ್ಟರೆ ಅದು ಎಷ್ಟು ದಿನ ಉಪ್ಪುನೀರಿನಲ್ಲಿ ನಿಂತರೂ ಕಗ್ಗವಾಗದು, ಸಾಯುವುದು. ಕಗ್ಗದ ಉಪ್ಪು ತಾಳುವ ಗುಣವು ಯಾವ ಒಂದು ಪೈರೂ ಕಲಿತುಕೊಂಡದ್ದಲ್ಲ. ಉಪ್ಪು ತಾಳದ ಪೈರುಗಳು ತಲೆತಲಾಂತರದಿಂದ ಕಾಳು ಕಟ್ಟದೆ ಹೋಗಿ, ತಾಳಿದವುಗಳ ಕಾಳೇ ಬೀಜಕ್ಕೆ ಉಳಿದು, ಆ ಬೀಜದಿಂದ ಬೆಳೆದವುಗಳಲ್ಲಿ ಮತ್ತೆ ಚೆನ್ನಾಗಿ ತಾಳಿದವೇ ಉಳಿದು ಈ ತಳಿಯಾಗಿದೆ. ಒಗ್ಗುವಿಕೆಯು ಒಂದು ಜೀವಿಯದು. ಹೊಂದಾಣಿಕೆಯು ಇಡೀ ಸಂತತಿಯದು, ಆರಿಸುವಿಕೆಯಿಂದ ಬಂದದ್ದು, ಬೀಜದಲ್ಲಿ ಇಳಿಯುವಂಥಾದ್ದು.

ವಿಕಾಸವೆಂಬ ಮಾತು ಇವೆಲ್ಲಕ್ಕಿಂತ ವಿಶಾಲವಾದದ್ದು. ಒಂದು ಸಂತತಿಯಲ್ಲಿ ಯಾವ ಯಾವ ವಂಶವಾಹಿಗಳು ಎಷ್ಟೆಷ್ಟಿವೆಯೆಂಬ ಲೆಕ್ಕವು ತಲೆಮಾರಿನಿಂದ ತಲೆಮಾರಿಗೆ ಬದಲಾದರೆ ಅದೇ ವಿಕಾಸ. ಕಪಿಯು ಮನುಷ್ಯನಾದ ಕಥೆಯೆಂದು ನಗುವವರು ಇದನ್ನು ಗಮನಿಸಬೇಕು. ವಿಕಾಸವು ಲಕ್ಷಾಂತರ ವರ್ಷಗಳ ಮಾತು ಮಾತ್ರವೇ ಅಲ್ಲ, ಹತ್ತು ವರ್ಷಗಳಲ್ಲಿ ಹತ್ತಿಯ ಹೊಲದಲ್ಲಿಯೂ ನಡೆಯಬಲ್ಲುದು. ಪ್ರತಿಯೊಂದು ವಿಕಾಸವೂ ಹೊಂದಾಣಿಕೆಯೇ ಆಗಿರಬೇಕೆಂಬ ನಿಯಮವೂ ಇಲ್ಲ. ಬರಗಾಲದಲ್ಲಿ ಊರಿನ ರಾಗಿಯೆಲ್ಲಾ ತೀರಿ, ಯಾರದೋ ಮನೆಯ ಒಂದು ಮಡಕೆ ಬೀಜದಿಂದಲೇ ಮತ್ತೆ ಊರೆಲ್ಲಾ ಬಿತ್ತಿದರೆಂದು ಭಾವಿಸೋಣ. ಆ ಮಡಕೆಯಲ್ಲಿ ಬಿಳಿಯ ರಾಗಿ ಇಲ್ಲದಿದ್ದರೆ ಆ ಊರಿನಲ್ಲಿ ಅದು ಮುಗಿದಂತೆಯೇ. ಬಿಳಿಯದು ಕೆಟ್ಟದೆಂದಲ್ಲ, ಅದೃಷ್ಟ ಹಾಗೆ ಬಂದಿತು.

ಇನ್ನು ಗುಲಾಬಿ ಕಾಯಿಕೊರಕದ ಸಂಗತಿ. ಗುಜರಾತಿನ ಭಡೋಚದ ಹತ್ತಿಯಲ್ಲಿ ಸಿಕ್ಕಿದ ಹುಳುವಿನಿಂದ 1843ರಲ್ಲಿಯೇ ಇದರ ವರ್ಣನೆ ಪ್ರಕಟವಾಗಿದ್ದಿತು. ಕಾಯಿಯೊಳಗೆ ಹೊಕ್ಕು ಕಾಳನ್ನು ತಿನ್ನುವುದರಿಂದ ಸಿಂಪಡಿಸಿದ ಔಷಧವು ಇದಕ್ಕೆ ಸುಲಭವಾಗಿ ತಗುಲದು. 2002ರಲ್ಲಿ ಭಾರತ ಸರ್ಕಾರವು ಬಿ.ಟಿ. ಹತ್ತಿಗೆ ಅನುಮತಿ ಕೊಟ್ಟಿತು. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯದ ಒಂದು ವಂಶವಾಹಿಯನ್ನು ಈ ಹತ್ತಿಯಲ್ಲಿ ಸೇರಿಸಿರುವುದರಿಂದ ಗಿಡವೇ ಕ್ರೈ1ಎಸಿ ಎಂಬ ಪ್ರೋಟೀನನ್ನು ತಯಾರಿಸುವುದು. ಅದು ಹುಳುವಿನ ಕರುಳಿನ ಗೋಡೆಯಲ್ಲಿರುವ ಕ್ಯಾಡೆರಿನ್ ಎಂಬ ಇನ್ನೊಂದು ಪ್ರೋಟೀನಿಗೆ ಅಂಟಿಕೊಂಡು ಕರುಳನ್ನು ತೂತುಮಾಡುವುದು. ಕ್ಯಾಡೆರಿನಿನ ವಂಶವಾಹಿಯಲ್ಲಿ ನಕಲಿನ ತಪ್ಪಾಗಿದ್ದ ಹುಳುವಿಗೆ ಈ ವಿಷವು ಅಂಟುವುದಿಲ್ಲ. ಭಾರತದ ಹೊಲಗಳಿಂದ ಸಂಗ್ರಹಿಸಿದ ಹುಳುಗಳನ್ನು ಪರೀಕ್ಷಿಸಿದಾಗ ಈ ಒಂದೇ ವಂಶವಾಹಿಯಲ್ಲಿ ಬೇರೆಬೇರೆ ಬಗೆಯ ತಪ್ಪುಗಳು ಕಂಡುಬಂದವು.

2006ರಲ್ಲಿ ಎರಡು ಬಗೆಯ ವಿಷವುಳ್ಳ ಹತ್ತಿ ಬಂದಿತು. ಒಂದನ್ನು ತಾಳಿದ ಹುಳುವನ್ನು ಇನ್ನೊಂದು ಕೊಲ್ಲಲಿ ಎಂಬುದು ಅದರ ಉದ್ದೇಶ. ಆದರೆ ಮೊದಲನೆಯ ವಿಷವನ್ನು ತಾಳುವ ಹುಳುಗಳು ಗುಜರಾತಿನ ಅಮ್ರೇಲಿ ಮುಂತಾದ ಜಿಲ್ಲೆಗಳಲ್ಲಿರುವುದು 2010ರಲ್ಲಿ ಬಹಿರಂಗವಾಯಿತು. ಇಬ್ಬರು ಕಾವಲುಗಾರರಲ್ಲಿ ಒಬ್ಬನು ಮಲಗಿದ ಮೇಲೆ ಇನ್ನೊಬ್ಬನ ಮೇಲೆಯೇ ಭಾರ ಬಿದ್ದಿತು. 2014ರ ಹಂಗಾಮಿನಿಂದ ಗುಜರಾತಿನಲ್ಲಿ ಎರಡು ವಿಷಗಳ ಹತ್ತಿಯನ್ನೂ ಹುಳು ತಿನ್ನತೊಡಗಿತು; 2017ರ ಹೊತ್ತಿಗೆ ಮಹಾರಾಷ್ಟ್ರ, ತೆಲಂಗಾಣ, ಕರ್ನಾಟಕಗಳಲ್ಲಿಯೂ ಬೆಳೆಗಾರರು ಬಹಳವಾಗಿ ಪೆಟ್ಟು ತಿಂದರು.

ಇದನ್ನು ತಡೆಯುವ ಉಪಾಯವು ಮೊದಲಿನಿಂದಲೂ ರೈತನ ಕೈಯಲ್ಲಿತ್ತೆಂಬುದೇ ಇದರಲ್ಲಿ ಖೇದಕರವಾದ ಭಾಗ. 450 ಗ್ರಾಮಿನ ಬಿ.ಟಿ. ಬೀಜದೊಡನೆ 120 ಗ್ರಾಮು ಸಾಧಾರಣ ಹತ್ತಿಬೀಜದ ಚಿಕ್ಕ ಪೊಟ್ಟಣವನ್ನು ಕೊಡುತ್ತಿದ್ದರು. ಹೊಲದ ಸುತ್ತ ಐದು ಸಾಲು ಅಥವಾ ಹೊಲದ ನೂರಕ್ಕೆ ಇಪ್ಪತ್ತು ಭಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಅದರಿಂದ ಬಿತ್ತಬೇಕೆಂದು ನಿಯಮವಿದ್ದಿತು. ಇದಕ್ಕೆ ಆಶ್ರಯ ಬೆಳೆಯೆಂದು ಹೆಸರು. ಹುಳುವಿಗೆ ಬೇಕೆಂದೇ ಆಹಾರ ಬೆಳೆಯುವುದು ಮರುಳುತನವೆಂದು ತೋರಿ ಬಹುಮಂದಿ ಆ ಪೊಟ್ಟಣವನ್ನು ಬದುವಿನ ಮೇಲೆ ಎಸೆದರು. ಅದು ಮರುಳುತನವಲ್ಲವೆಂಬುದು ಲೆಕ್ಕದಿಂದ ಗೊತ್ತಾಗುವುದು.

ಪ್ರತಿ ಹುಳುವಿಗೂ ತಂದೆಯಿಂದೊಂದು, ತಾಯಿಯಿಂದೊಂದು, ಹೀಗೆ ಒಂದೊಂದು ವಂಶವಾಹಿಯ ಎರಡೆರಡು ಪ್ರತಿಗಳಿರುವುವು. ಎರಡು ಪ್ರತಿಗಳೂ ಕೆಟ್ಟಿದ್ದರೆ ಮಾತ್ರ ಗುಲಾಬಿ ಹುಳುವು ಬಿ.ಟಿ. ಹತ್ತಿಯನ್ನು ತಿಂದು ಬದುಕುವುದು; ಒಂದು ಸರಿಯಾಗಿದ್ದರೂ ಸಾಯುವುದು. ಸಾವಿರ ಪ್ರತಿಗಳಲ್ಲಿ ಒಂದು ಕೆಟ್ಟದ್ದೆಂದು ಹಿಡಿದರೆ, ಎರಡೂ ಕೆಟ್ಟ ಹುಳುವು ಹತ್ತು ಲಕ್ಷಕ್ಕೆ ಒಂದು. ಸೀಮೆಯೆಲ್ಲಾ ಬಿ.ಟಿ. ಹತ್ತಿಯೇ ಇದ್ದಲ್ಲಿ ಬದುಕಿ ಪತಂಗವಾಗತಕ್ಕವು ಇಂತಹವೇ. ಅವುಗಳಿಗೆ ಕೂಡುವುದಕ್ಕೆ ಸಿಕ್ಕುವುವೂ ಇಂತಹವೇ, ಮರಿಗಳೆಲ್ಲವೂ ತಾಳುವಂಥವೇ. ಆಶ್ರಯ ಬೆಳೆಯಿದ್ದರೆ ಅದರಿಂದ ಸಾವಿರಗಟ್ಟಲೆ ಸಾಧಾರಣ ಪತಂಗಗಳು ಏಳುವುವು. ಬದುಕಿದ ಒಂದು ಪತಂಗವು ಇವುಗಳೊಡನೆ ಕೂಡುವುದು. ಮರಿಗೆ ಒಂದು ಪ್ರತಿ ಸರಿಯಾದದ್ದು ಬರುವುದರಿಂದ ಅದು ಬಿ.ಟಿ. ಗಿಡವನ್ನು ತಿಂದೊಡನೆ ಸಾಯುವುದು. ಐದು ಸಾಲಿನ ಹತ್ತಿಯು ಉಳಿದ ಹೊಲಕ್ಕೆ ಸಲ್ಲಿಸುವ ವಿಮೆಯ ಕಂತಿನಂತೆ. ಈಚೆಗೆ ಸಾಧಾರಣ ಬೀಜವನ್ನು ಅದೇ ಪೊಟ್ಟಣದಲ್ಲಿ ಕಲಸಿಯೇ ಕೊಡುವ ಕ್ರಮ ಬಂದಿದೆ. ಎಸೆಯುವ ಅವಕಾಶವನ್ನೇ ತಪ್ಪಿಸಿದ್ದಾರೆ.

ಇದು ಬರಿಯ ಕಾಗದದ ಲೆಕ್ಕವಲ್ಲ. ಅಮೆರಿಕಾದ ಅರಿಜೋನಾದಲ್ಲಿ 1996ರಲ್ಲಿ ಬಿ.ಟಿ. ಹತ್ತಿ ಬಂದಾಗ ರೈತರು ಆಶ್ರಯ ಬೆಳೆಯನ್ನು ನಿಷ್ಠೆಯಿಂದ ಇಟ್ಟರು. 2005ರ ವರೆಗೂ ಅಲ್ಲಿ ಇದೇ ಹುಳುವಿನ ತಾಳಿಕೆ ಏರಲಿಲ್ಲ. 2006ರಿಂದ ಸಂತಾನವಾಗದ ಪತಂಗಗಳನ್ನು ಬಿಟ್ಟು, ಕಡೆಗೆ 2018ರಲ್ಲಿ ಆ ದೇಶದ ಹತ್ತಿಯಿಂದ ಈ ಹುಳು ನಿರ್ಮೂಲವಾಯಿತೆಂದು ಸಾರಿದರು. ಚೀಣಾ ದೇಶದ ಯಾಂಗ್ಟ್ಸೆ ಕಣಿವೆಯ ಕಥೆ ಇನ್ನೂ ವಿಚಿತ್ರ. ಅಲ್ಲಿಯ ರೈತರು ಅಗ್ಗಕ್ಕೆ ದೊರೆಯುವ ಮಿಶ್ರತಳಿಯ ಎರಡನೆಯ ಪೀಳಿಗೆಯ ಬೀಜವನ್ನು ಬಿತ್ತಿದರು. ಅದರಲ್ಲಿ ನಾಲ್ಕರಲ್ಲೊಂದು ಗಿಡಕ್ಕೆ ಬಿ.ಟಿ. ಗುಣವೇ ಇಲ್ಲ. ಅವರಿಗೆ ತಿಳಿಯದೆಯೇ ಆಶ್ರಯ ಬೆಳೆ ಸಿದ್ಧವಾಗಿ, 2010ರ ವರೆಗೆ ಏರುತ್ತಿದ್ದ ತಾಳಿಕೆಯು 2015ರ ಹೊತ್ತಿಗೆ ಇಳಿಯಿತು.

ನಮ್ಮ ಸೀಮೆಯಲ್ಲಿಯೇ ಹಸಿರು ಕಾಯಿಕೊರಕವನ್ನು ನೋಡಬಹುದು. ಅದು ಹತ್ತಿಯೊಂದನ್ನೇ ನಂಬಿದ್ದಲ್ಲ. ತೊಗರಿ, ಕಡಲೆ, ಟೊಮ್ಯಾಟೊ ಎಲ್ಲವನ್ನೂ ತಿನ್ನುವುದು. ಕಲಬುರಗಿಯ ಕಡೆಯ ತೊಗರಿ ಹೊಲಗಳೇ ಅದಕ್ಕೆ ಆಶ್ರಯ. ಗುಲಾಬಿ ಹುಳುವಿನಷ್ಟು ಬೇಗನೆ ಅದು ಬಿ.ಟಿ. ಹತ್ತಿಯನ್ನು ಗೆಲ್ಲದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಆದರೆ ತೊಗರಿಗೂ ಹತ್ತಿಗೂ ಒಂದೇ ಔಷಧವನ್ನು ಸಿಂಪಡಿಸಿದಲ್ಲಿ ಆಶ್ರಯವೆಲ್ಲಿ ಉಳಿಯಿತು? 1987ರಲ್ಲಿ ಆಂಧ್ರದ ಕರಾವಳಿಯ ಹತ್ತಿಯಲ್ಲಿ ಪೈರೆತ್ರಾಯಿಡ್ ಜಾತಿಯ ಔಷಧಗಳು ಇದೇ ಹಸಿರು ಹುಳುವಿನ ಮುಂದೆ ಸೋತುಹೋದವು.

ಹುಳುವು ಒಗ್ಗುತ್ತಿದ್ದುದೇ ನಿಜವಾಗಿದ್ದರೆ ಪ್ರತಿಯೊಬ್ಬನೂ ತನ್ನ ಹೊಲದ ಮಟ್ಟಿಗೆ ನೋಡಿಕೊಳ್ಳಬಹುದಾಗಿತ್ತು. ಬದಲಾದದ್ದು ಸಂತತಿಯಾದ್ದರಿಂದ, ಪತಂಗಕ್ಕೆ ಬದು ಗೊತ್ತಿಲ್ಲವಾದ್ದರಿಂದ, ಒಬ್ಬನ ಅಲಕ್ಷ್ಯವು ಹತ್ತು ಮಂದಿಯ ಹೊಲವನ್ನು ಕೆಡಿಸುವುದು. ಊರಿನ ಮುಖಂಡರ ಕೆಲಸವು ಇಲ್ಲಿಯೇ. ಬೇಗ ಮುಗಿಯುವ ತಳಿಯನ್ನು ಊರೆಲ್ಲಾ ಒಂದೇ ವಾರದೊಳಗೆ ಬಿತ್ತುವಂತೆ ಒಪ್ಪಿಸಬೇಕು. ಮೋಹಕ ಬಲೆಗಳನ್ನು ಕಟ್ಟಿಸಿ, ಒಂದು ಬಲೆಗೆ ರಾತ್ರಿಯೊಂದಕ್ಕೆ ಎಂಟರಂತೆ ಮೂರು ರಾತ್ರಿ ಸತತವಾಗಿ ಪತಂಗಗಳು ಬಿದ್ದರೆ ಮಾತ್ರ ಔಷಧದ ಯೋಚನೆ ಮಾಡತಕ್ಕದ್ದು. ಅದೂ ಹಿಂದಿನ ಸಲದ ಜಾತಿಯದೇ ಆಗಿರಕೂಡದು. ಅರಳದೆ ಗುಲಾಬಿ ಮೊಗ್ಗಿನಂತೆ ಮುಚ್ಚಿಕೊಂಡಿರುವ ಹೂವುಗಳನ್ನು ಹುಳುವಿನೊಡನೆ ಕಿತ್ತು ನಾಶಮಾಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇನ್ನೊಂದು ಬಿಡಿಸುವಿಕೆಯ ಆಸೆಯಿಂದ ನೀರು ಕೊಟ್ಟು ಹತ್ತಿಯನ್ನು ಬೇಸಗೆಯ ವರೆಗೆ ನಿಲ್ಲಿಸಬಾರದು. ಹುಳುವಿಗೆ ಒಂದು ತಲೆಮಾರು ಮುಗಿಯಲು ಸುಮಾರು ಒಂದು ತಿಂಗಳು ಸಾಕು; ಹೆಚ್ಚಾಗಿ ನಿಲ್ಲಿಸಿದ ಪ್ರತಿ ತಿಂಗಳೂ ತಾಳುವ ಹುಳುಗಳ ಇನ್ನೊಂದು ಪೀಳಿಗೆ. ಡಿಸೆಂಬರು ಕಳೆಯುತ್ತಲೇ ಬೆಳೆಯನ್ನು ಮುಗಿಸಿ, ಉಳಿದ ಕಾಯಿಗಳಿಗೆ ಕುರಿಮೇಕೆಗಳನ್ನು ಬಿಟ್ಟು, ಗಿಡಗಳನ್ನು ಬೇರುಸಹಿತ ಕಿತ್ತು ತೆಗೆಯಿಸತಕ್ಕದ್ದು. ಉರುವಲಿಗೆಂದು ಹತ್ತಿಯ ಕಟ್ಟಿಗೆಯನ್ನು ಮುಂಗಾರಿನ ವರೆಗೆ ಹಿತ್ತಲಲ್ಲಿ ಒಟ್ಟುವ ರೂಢಿಯಿರುವ ಊರುಗಳಲ್ಲಿ ಆ ಒಟ್ಟಿಲನ್ನು ಬಿಚ್ಚಿ ನೋಡಿದರೆ ಒಣಗಿದ ಕಾಯಿಗಳ ಕಾಳಿನೊಳಗೆ ನಿದ್ರಿಸುತ್ತಿರುವ ಗುಲಾಬಿ ಹುಳುಗಳು ಸಿಕ್ಕುವುವು.