ಅದಿರು ಮಾರಿದ ಹಣ ಆದಾಯವೇ, ಆಸ್ತಿಯೇ?



ಅಂಗಡಿಯ ಸರಕು ಮಾರಿದರೆ ಬರುವುದು ಆದಾಯ. ಅಂಗಡಿಯನ್ನೇ ಮಾರಿದರೆ ಬರುವುದು ಆಸ್ತಿಯ ಹಣ. ಎರಡನ್ನೂ ಒಂದೇ ಖಾತೆಗೆ ಬರೆದರೆ ಲೆಕ್ಕ ತಪ್ಪುತ್ತದೆ ಎಂದು ಲೆಕ್ಕಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೇವೆ. ನಮ್ಮ ಜಿಲ್ಲೆಯ ಕಬ್ಬಿಣದ ಅದಿರಿಗೂ ಈ ಪಾಠ ಅನ್ವಯಿಸುತ್ತದೆ.

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಗುಡ್ಡಗಳಲ್ಲಿ ಅದಿರಿದೆ. ಅದರಿಂದ ಲಾಭವಿಲ್ಲ ಎಂದು ನಾನು ಹೇಳಲಾರೆ. ನಮ್ಮ ಅಬ್ಬಾ ಸಾಲ ಮಾಡಿ ಲಾರಿ ಕೊಂಡು ಅದಿರು ಸಾಗಿಸುತ್ತಿದ್ದರು. ಒಂದು ಲಾರಿ ಓಡಿದರೆ ಕ್ಲೀನರ್, ಪಂಕ್ಚರ್ ಅಂಗಡಿ, ಗ್ಯಾರೇಜು, ಪೆಟ್ರೋಲ್ ಬಂಕು, ಹೋಟೆಲು ಎಲ್ಲರಿಗೂ ದುಡಿಮೆ. ಅರ್ಥಶಾಸ್ತ್ರದಲ್ಲಿ ಇದನ್ನು ಗುಣಕ ಎನ್ನುತ್ತಾರೆ.

ಆದರೆ ಅಕ್ರಮ ಗಣಿಗಾರಿಕೆಯಿಂದಾಗಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ, ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿನ ಗಣಿಗಳನ್ನು ನಿಲ್ಲಿಸಿತು. ಗುಣಕ ತಿರುಗುಮುರುಗಾಯಿತು. ಕಂತು ಕಟ್ಟಲಾಗದೆ ಅಬ್ಬಾ ಲಾರಿ ಮಾರಿದರು. ಈಗ ಬೇರೆಯವರ ಲಾರಿಯಲ್ಲಿ ಹಿರಿಯೂರಿನಿಂದ ಈರುಳ್ಳಿ ಸಾಗಿಸುತ್ತಾರೆ. "ಲಾರಿ ಓಡುವಾಗ ಬಂದ ಹಣವೆಲ್ಲ ನಮ್ಮದೇ ಅಂದ್ಕೊಂಡೆ ಬೇಟಾ, ಒಂದು ರೂಪಾಯಿ ಎತ್ತಿಡಲಿಲ್ಲ" ಎನ್ನುತ್ತಾರೆ.

2013ರಲ್ಲಿ ಕೋರ್ಟ್ ಮಿತಿ ಹಾಕಿ ಗಣಿಗಾರಿಕೆಗೆ ಮತ್ತೆ ಅನುಮತಿ ಕೊಟ್ಟಿತು. ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ ವರ್ಷಕ್ಕೆ 70 ಲಕ್ಷ ಟನ್ ಇದ್ದ ಮಿತಿ 2022ರಲ್ಲಿ 150 ಲಕ್ಷ ಟನ್ನಿಗೆ ಏರಿತು.

ಇದರಲ್ಲಿ ಜಿಲ್ಲೆಗೆ ಉಳಿಯುವುದೆಷ್ಟು? ಟನ್ನಿನ ಸರಾಸರಿ ಬೆಲೆ 2,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಶೇ 15ರಂತೆ ರಾಜಧನ 300 ರೂಪಾಯಿ. ಇದು ರಾಜ್ಯ ಸರ್ಕಾರಕ್ಕೆ. 2015ರಿಂದ ಇದರ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟಬೇಕು. ಹಳೆಯ ಗುತ್ತಿಗೆಯಾದರೆ ರಾಜಧನದ ಶೇ 30, ಅಂದರೆ 90 ರೂಪಾಯಿ. ಹರಾಜಿನಲ್ಲಿ ಪಡೆದ ಹೊಸ ಗುತ್ತಿಗೆಯಾದರೆ ಶೇ 10, ಅಂದರೆ 30 ರೂಪಾಯಿ. ಗಣಿಬಾಧಿತ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಈ ಹಣ ಮೀಸಲು.

ಖರ್ಚಿನ ಬದಿಯನ್ನೂ ಬರೆಯಬೇಕು. ಭೀಮಸಮುದ್ರದ ಕಡೆಯ ನನ್ನ ಗೆಳೆಯನ ತೋಟದಲ್ಲಿ ಅಡಿಕೆ ಗರಿಗಳ ಮೇಲೆ ಕೆಂಪು ಧೂಳು ಕೂರುತ್ತದೆ. ಅಡಿಕೆ ವರ್ಷವರ್ಷವೂ ಫಸಲು ಕೊಡುತ್ತದೆ. ಅದಿರು ಒಮ್ಮೆ ತೆಗೆದರೆ ಮುಗಿಯಿತು.

ನೆಲ ಕೊರೆದು ಬದುಕುವ ಬೇರೆ ಪ್ರದೇಶಗಳಿಗೂ ಈ ಚಿಂತೆ ಇದೆ. ಅಮೆರಿಕದ ಉತ್ತರ ಡಕೋಟಾ ರಾಜ್ಯದಲ್ಲಿ ಶೇಲ್ ಎಂಬ ಪದರಗಲ್ಲನ್ನು ಕೊರೆದು ತೈಲ, ಅನಿಲ ತೆಗೆಯುತ್ತಾರೆ. ಅಲ್ಲಿನ ಮತದಾರರು 2010ರಲ್ಲಿ ಒಪ್ಪಿದಂತೆ ಆ ತೆರಿಗೆಯ ಶೇ 30ರಷ್ಟು ಲೆಗಸಿ ಫಂಡ್ ಎಂಬ ಉಳಿತಾಯ ನಿಧಿಗೆ ಸೇರುತ್ತದೆ. ಆಸ್ತಿ ಮಾರಿದ ಹಣದಲ್ಲಿ ಒಂದು ಭಾಗವನ್ನು ಮತ್ತೆ ಆಸ್ತಿಯಾಗಿಯೇ ಉಳಿಸುವ ಕ್ರಮ ಇದು.

ನಮ್ಮ ಖನಿಜ ಪ್ರತಿಷ್ಠಾನವೂ ತನ್ನ ಜಮಾ-ಖರ್ಚಿನ ವಿವರವನ್ನು ಸಾರ್ವಜನಿಕರಿಗೆ ಪ್ರಕಟಿಸಬೇಕೆಂಬ ನಿಯಮವಿದೆ. ಗೆಳೆಯರೇ, ವಾಣಿಜ್ಯ ಓದುವ ನಾವೇ ಅದನ್ನು ಓದದಿದ್ದರೆ ಇನ್ಯಾರು ಓದಬೇಕು? ಗುಡ್ಡ ಕರಗಿದ ಮೇಲೆ ನಮ್ಮ ಕೈಯಲ್ಲಿ ಶಾಲೆ, ಆಸ್ಪತ್ರೆ, ನೀರು, ಕಸುಬು ಉಳಿದಿದ್ದರೆ ಅದು ಲಾಭ. ಇಲ್ಲದಿದ್ದರೆ ಅಬ್ಬಾನ ಲಾರಿಯ ಕಥೆಯೇ ಇಡೀ ಜಿಲ್ಲೆಯ ಕಥೆಯಾಗುತ್ತದೆ.