ಸಕ್ಕರೆ ಗುರುತಿಸುವ ಸೂಕ್ಷ್ಮ ಕಣಗಳು

ಮಕ್ಕಳೇ, ಮಧುಮೇಹ ಇರುವವರು ಬೆರಳ ತುದಿಯನ್ನು ಚುಚ್ಚಿ, ಒಂದು ಹನಿ ರಕ್ತವನ್ನು ಪುಟ್ಟ ಪಟ್ಟಿಗೆ ತಾಗಿಸುವುದನ್ನು ನೀವು ನೋಡಿರಬಹುದು. ಆ ಪಟ್ಟಿಯನ್ನು ಸಿಕ್ಕಿಸಿದ ಉಪಕರಣವೇ ಗ್ಲುಕೋಮೀಟರ್. ರಕ್ತದಲ್ಲಿರುವ ಗ್ಲುಕೋಸ್ ಎಂಬ ಸಕ್ಕರೆಯನ್ನು ಅದು ಕೆಲವೇ ಸೆಕೆಂಡುಗಳಲ್ಲಿ ಅಳೆಯುತ್ತದೆ. ಆರೋಗ್ಯವಂತರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿದ್ದಾಗ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 70ರಿಂದ 100 ಮಿಲಿಗ್ರಾಂ ಗ್ಲುಕೋಸ್ ಇರುತ್ತದೆ. ದೊಡ್ಡವರ ದೇಹದ ಸುಮಾರು 5 ಲೀಟರ್ ರಕ್ತದಲ್ಲಿ ಒಟ್ಟು ಒಂದು ಟೀ ಚಮಚದಷ್ಟು ಮಾತ್ರ!

ಪಟ್ಟಿಯಲ್ಲಿ ಏನಿದೆ?

ಪಟ್ಟಿಯ ಮೇಲೆ ಒಂದು ಕಿಣ್ವವನ್ನು ಲೇಪಿಸಿರುತ್ತಾರೆ. ಅದು ಗ್ಲುಕೋಸ್‌ನಿಂದ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ. ಎಲೆಕ್ಟ್ರಾನ್‌ಗಳು ಹರಿದರೆ ವಿದ್ಯುತ್ ಪ್ರವಾಹ ಉಂಟಾಗುತ್ತದೆ ಅಲ್ಲವೆ? ಗ್ಲುಕೋಸ್ ಹೆಚ್ಚಿದ್ದಷ್ಟೂ ಪ್ರವಾಹ ಹೆಚ್ಚು. ಕಿಣ್ವದ ನೆರವಿನಿಂದ ಗ್ಲುಕೋಸ್ ಅಳೆಯುವ ಉಪಾಯವನ್ನು 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಪ್ರಕಟಿಸಿದರು.

ಆದರೆ ಕಿಣ್ವ ಬಲು ನಾಜೂಕು. ಶಾಖಕ್ಕೂ ತೇವಕ್ಕೂ ಕೆಡುತ್ತದೆ. ಕೆಟ್ಟ ಪಟ್ಟಿ ತಪ್ಪು ಅಂಕಿ ತೋರಿಸಬಹುದು. ಅದನ್ನು ನಂಬಿ ಇನ್ಸುಲಿನ್ ತೆಗೆದುಕೊಂಡರೆ ಅಪಾಯ. ಆದ್ದರಿಂದ ವಿಜ್ಞಾನಿಗಳು ಸುಲಭವಾಗಿ ಕೆಡದ ವಸ್ತುವನ್ನು ಹುಡುಕಿದರು. ತಾಮ್ರ, ನಿಕ್ಕಲ್, ಕೋಬಾಲ್ಟ್ ಲೋಹಗಳ ಆಕ್ಸೈಡ್‌ಗಳು ಕಿಣ್ವವಿಲ್ಲದೆಯೇ ಗ್ಲುಕೋಸ್‌ನಿಂದ ಎಲೆಕ್ಟ್ರಾನ್ ಪಡೆಯಬಲ್ಲವು. ಅವು ಅತಿ ಸಣ್ಣ ಕಣಗಳಾಗಿದ್ದರೆ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಏಕೆ?

ಮಾಡಿ ನೋಡಿ

ಒಂದೇ ಗಾತ್ರದ ಎರಡು ಕಲ್ಲುಸಕ್ಕರೆ ತುಂಡುಗಳನ್ನು ತೆಗೆದುಕೊಳ್ಳಿ. ಒಂದನ್ನು ಪುಡಿ ಮಾಡಿ. ಎರಡು ಲೋಟಗಳಲ್ಲಿ ಸಮನಾಗಿ ನೀರು ತೆಗೆದುಕೊಂಡು, ಒಂದರಲ್ಲಿ ತುಂಡನ್ನೂ ಇನ್ನೊಂದರಲ್ಲಿ ಪುಡಿಯನ್ನೂ ಹಾಕಿ ಕಲಕಿ. ಪುಡಿ ಬೇಗ ಕರಗುತ್ತದೆ. ಪುಡಿ ಮಾಡಿದಾಗ ನೀರಿಗೆ ತಾಗುವ ಮೇಲ್ಮೈ ಹೆಚ್ಚಾಗಿದ್ದೇ ಇದಕ್ಕೆ ಕಾರಣ.

ಈಗ ಲೆಕ್ಕ ಮಾಡೋಣ. 1 ಸೆಂ.ಮೀ. ಬಾಹುವಿನ ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನು 1 ಮಿ.ಮೀ. ಬಾಹುವಿನ 1000 ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಚದರ ಸೆಂ.ಮೀ. ಒಂದು ಮಿಲಿಮೀಟರಿನ 10 ಲಕ್ಷದ ಒಂದು ಭಾಗವೇ ನ್ಯಾನೋಮೀಟರ್. 10 ನ್ಯಾನೋಮೀಟರ್ ಬಾಹುವಿನ ಘನಗಳಾಗಿ ಕತ್ತರಿಸಿದರೆ? 600 ಚದರ ಮೀಟರ್! ನಾಲ್ಕು ಕಬಡ್ಡಿ ಅಂಕಣಗಳಿಗಿಂತ ಹೆಚ್ಚು. ಗ್ಲುಕೋಸ್ ವರ್ತಿಸುವುದು ಆಕ್ಸೈಡಿನ ಮೇಲ್ಮೈಯಲ್ಲೇ. ಮೇಲ್ಮೈ ಹೆಚ್ಚಿದಂತೆ ಪ್ರವಾಹವೂ ಹೆಚ್ಚುತ್ತದೆ, ಅಳೆಯುವುದು ಸುಲಭವಾಗುತ್ತದೆ.

ಇನ್ನೂ ಉಳಿದ ಕೆಲಸ

ಈ ಆಕ್ಸೈಡ್‌ಗಳು ಪ್ರತ್ಯಾಮ್ಲೀಯ ದ್ರವದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ರಕ್ತವೋ ಬಹುಮಟ್ಟಿಗೆ ತಟಸ್ಥ. ಅಲ್ಲದೆ ರಕ್ತದಲ್ಲಿರುವ ವಿಟಮಿನ್ ಸಿ, ಯೂರಿಕ್ ಆಮ್ಲಗಳೂ ಎಲೆಕ್ಟ್ರಾನ್ ಕೊಟ್ಟು ಲೆಕ್ಕ ತಪ್ಪಿಸಬಲ್ಲವು. ಆದ್ದರಿಂದ ಮನೆಗಳಲ್ಲಿ ಬಳಸುವ ಪಟ್ಟಿಗಳಲ್ಲಿ ಈಗಲೂ ಕಿಣ್ವವೇ ಇದೆ. ಸಂಶೋಧನೆ ಮುಂದುವರಿದಿದೆ.

ನೆನಪಿಡಿ: ಮನೆಯಲ್ಲಿ ಇಂಥ ಪಟ್ಟಿಗಳಿದ್ದರೆ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಬಿಸಿಲಿನಲ್ಲಿ ಇಡಬೇಡಿ. ಬಳಸಿದ ಸೂಜಿಯನ್ನು ಮುಟ್ಟಲೇಬೇಡಿ.

ಯೋಚಿಸಿ: 2 ಸೆಂ.ಮೀ. ಬಾಹುವಿನ ಘನವನ್ನು 1 ಸೆಂ.ಮೀ. ಘನಗಳಾಗಿ ಕತ್ತರಿಸಿದರೆ ಮೇಲ್ಮೈ ಎಷ್ಟು ಪಟ್ಟು ಹೆಚ್ಚುತ್ತದೆ?