ಕಾಲೇಜಿಗೆ ಮುಂಚೆ ಮೆನಿಂಜೈಟಿಸ್ ಲಸಿಕೆ: ಯಾರಿಗೆ, ಯಾವಾಗ?

ಪಿಯುಸಿ ಮುಗಿಸಿದ ಮಕ್ಕಳು ಶಿಕಾರಿಪುರ, ಸೊರಬ ಬಿಟ್ಟು ಹೊರಡುವ ಮನೆಗಳಿಗೆ.

1. ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಮೊದಲು ನೋಡಿ. ಶಿವಮೊಗ್ಗ, ಬೆಂಗಳೂರಿನ ಹಾಸ್ಟೆಲ್ ಸೇರುವವರೆಲ್ಲ ಮೆದುಳಿನ ಪೊರೆಗೆ ತಗಲುವ ಈ ಸೋಂಕಿನ ಲಸಿಕೆ ಹಾಕಿಸಿಕೊಳ್ಳಲೇಬೇಕೆಂಬ ನಿಯಮ ನಮ್ಮಲ್ಲಿಲ್ಲ. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲೂ ಇದಿಲ್ಲ. ಅಮೆರಿಕ, ಬ್ರಿಟನ್ ಕಡೆ ಓದಲು ಹೋಗುವವರು, ಗುಲ್ಮ (ಸ್ಪ್ಲೀನ್) ತೆಗೆಸಿಕೊಂಡವರು ಮಾತ್ರ ಮೀನಮೇಷ ಎಣಿಸಬಾರದು. ಉಳಿದವರು ವೈದ್ಯರನ್ನು ಕೇಳಿ ನಿರ್ಧರಿಸಿದರಾಯಿತು. ಪಕ್ಕದ ಮನೆಯವರು ಹಾಕಿಸಿದರೆಂದು ದುಡ್ಡು ಸುರಿಯಬೇಡಿ.

2. ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ. ಟೆಕ್ಸಾಸ್‌ನಲ್ಲಿ ಕಾಲೇಜು ಸೇರುವ 22 ವರ್ಷದೊಳಗಿನವರು ಸೆಮಿಸ್ಟರ್‌ಗೆ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು, ಅದೂ ಕಳೆದ 5 ವರ್ಷದೊಳಗೆ. ಹಜ್ ಯಾತ್ರೆಗೂ 10 ದಿನದ ಲೆಕ್ಕವೇ. ಶಿರಾಳಕೊಪ್ಪದಲ್ಲಿ ಹಜ್‌ಗೆ ಹೋಗಿಬಂದ ಹಿರಿಯರಿದ್ದರೆ ಕೇಳಿ, ಅವರಿಗೆ ಈ ಲಸಿಕೆ ಹೊಸತಲ್ಲ. ಆದರೂ ಒಂದು ತಿಂಗಳು ಕೈಯಲ್ಲಿಟ್ಟುಕೊಳ್ಳಿ; ತಾಲ್ಲೂಕಿನ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಮದ್ದಲ್ಲ ಇದು.

3. ತೀರಾ ಬೇಗವೂ ಬೇಡ. ಸುಮಾರು 5 ವರ್ಷದಲ್ಲಿ ಇದರ ರಕ್ಷಣೆ ಇಳಿಯುತ್ತದೆ. ಅಮೆರಿಕದಲ್ಲಿ 11–12ನೇ ವಯಸ್ಸಿಗೆ ಒಂದು, 16ಕ್ಕೆ ಇನ್ನೊಂದು ಕೊಡುತ್ತ ಬಂದಿದ್ದು ಅದಕ್ಕೇ. ಮೊದಲ ಡೋಸನ್ನೇ 16 ತುಂಬಿದ ಮೇಲೆ ಹಾಕಿಸಿದರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಒಂದೇ ಸಾಕು. ಲಸಿಕೆಯ ಬಲ ಕರಗುವ ಸಂಗತಿಯನ್ನು ಸೊರಬದವರಿಗೆ ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಇಲ್ಲಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್ ಮೇಲೆ ಬೂಸ್ಟರ್ ಹಾಕಿಸಿಕೊಂಡ ಊರುಗಳಿವು.

4. ಲಸಿಕೆಯ ಮೇಲಿನ ಚೀಟಿ ಓದಿ. ಎ, ಸಿ, ಡಬ್ಲ್ಯು, ವೈ ಗುಂಪುಗಳ ಬ್ಯಾಕ್ಟೀರಿಯಾಗೆ ಒಂದು ಲಸಿಕೆ; ಬಿ ಗುಂಪಿಗೆ ಬೇರೆಯೇ. ಹಿಂದೆ ಹಾಕಿಸಿರಬಹುದಾದ ಜೆಇ ಲಸಿಕೆ ಸೊಳ್ಳೆಯಿಂದ ಬರುವ ಮೆದುಳು ಜ್ವರಕ್ಕೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

5. ಇದರ ಜೊತೆಗೆ, 16ನೇ ವಯಸ್ಸಿನ ಟಿಡಿ (ಧನುರ್ವಾಯು, ಗಂಟಲಮಾರಿ) ಚುಚ್ಚುಮದ್ದು ಬಾಕಿಯಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕಿಸಿ. ಕಾರ್ಡಿನಲ್ಲಿ ತಾರೀಕು, ಸಹಿ, ಮೊಹರು ಇರಲಿ.

6. ಲಸಿಕೆ ಆಯಿತೆಂದು ಮೈಮರೆಯಬೇಡಿ. ಜೋರು ಜ್ವರ, ತಲೆಸಿಡಿತ, ಕತ್ತು ಬಗ್ಗದಿರುವುದು, ಬೆಳಕು ಸಹಿಸಲಾಗದಿರುವುದು ಕಂಡರೆ ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಕಲೆಗಳಿವೆಯೇ ನೋಡಿ. ಕಪ್ಪು ಮೈಯವರಾದರೆ ಅಂಗೈ, ಅಂಗಾಲು ನೋಡಿ. ಕಲೆ ಕಾಣದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ರೂಮ್‌ಮೇಟನ್ನು ಎಬ್ಬಿಸಿಕೊಂಡು ಆಗಲೇ ಆಸ್ಪತ್ರೆಗೆ ಹೋಗಬೇಕೆಂದು ಮಕ್ಕಳಿಗೆ ಹೇಳಿ ಕಳಿಸಿ.